ಹೊನ್ನುಹೊಳೆಯ ದಡದ ಸ್ಯಾಂಡರ್ಸನ್

ಒಂದು ಸೀಮೆಯ ಚರಿತ್ರೆಯೆಂದರೆ ಅಲ್ಲಿ ಆಳಿದ ಅರಸರ ಮತ್ತು ಅಲ್ಲಿ ನಡೆದ ಯುದ್ಧಗಳ ವೃತ್ತಾಂತ ಮಾತ್ರವಲ್ಲ. ಆ ಸೀಮೆಯ ಬೆಟ್ಟ, ಹೊಳೆ, ಮರ, ಮೃಗಗಳನ್ನು ಕಣ್ಣಿಟ್ಟು ನೋಡಿ, ಕಂಡದ್ದನ್ನು ಮರೆಮಾಚದೆ ಬರೆದಿಟ್ಟವರ ಬಾಳೂ ಚರಿತ್ರೆಯೇ ಆಗಿದೆ. ಚಾಮರಾಜನಗರ, ಗುಂಡ್ಲುಪೇಟೆಗಳ ಮಕ್ಕಳಿಗೆ ಆನೆ ಚಿತ್ರಪಟದ ಪ್ರಾಣಿಯಲ್ಲ. ಮುಂಗಾರಿನ ಜೋಳವನ್ನೂ ಹೊಲದಂಚಿನ ಬಾಳೆಯನ್ನೂ ಅದು ತುಳಿದುಹೋದ ಬೆಳಗನ್ನು ಕಂಡವರು ನಮ್ಮ ಶಾಲೆಯಲ್ಲಿ ಅನೇಕರಿದ್ದಾರೆ. ಈ ನಮ್ಮ ಆನೆಗಳನ್ನು ಒಂದೂವರೆ ಶತಮಾನದ ಹಿಂದೆಯೇ ಎಣಿಸಿ, ಅಳೆದು, ಅವುಗಳ ಸಂಸಾರವನ್ನು ಅರಿತು ಲೋಕಕ್ಕೆ ತಿಳಿಸಿದ ಒಬ್ಬ ವಿದೇಶೀಯನ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ. ಆತನ ಹೆಸರು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಆತನ ಸಾಧನೆಯಂತೆಯೇ ಆತನ ಒಂದು ತಪ್ಪೂ ನಮಗೆ ಪಾಠವಾಗಬಲ್ಲುದು ಎಂಬುದೇ ಈ ಬರಹಕ್ಕೆ ಪ್ರೇರಣೆ.

ಸ್ಯಾಂಡರ್ಸನ್ ಹುಟ್ಟಿದ್ದು 1848ರಲ್ಲಿ, ಭಾರತದಲ್ಲಿಯೇ. ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಪಂಥದ ಪಾದ್ರಿಗಳು. ಕನ್ನಡ ವಿದ್ಯಾರ್ಥಿಗಳು ಈ ತಂದೆಯನ್ನೂ ನೆನೆಯಬೇಕು. ಲಕ್ಷ್ಮೀಶನ ಜೈಮಿನಿ ಭಾರತದ ಭಾಗವನ್ನು ಇಂಗ್ಲಿಷಿಗೆ ತಂದು ಟಿಪ್ಪಣಿಗಳೊಡನೆ 1852ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಅವರು. ರೀವನ ಕನ್ನಡ–ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದವರೂ ಅವರೇ. ಇಂತಹ ಮನೆಯಲ್ಲಿ ಹುಟ್ಟಿದ ಮಗನನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಹದಿನಾರರ ಹರೆಯದಲ್ಲಿ, 1864ರಲ್ಲಿ, ಆತ ಮತ್ತೆ ಮೈಸೂರು ಸೀಮೆಗೆ ಬಂದ. ಕಾಫಿ ತೋಟದಲ್ಲಿ ಕೆಲಸ ಹಿಡಿಯುವುದು ಆತನ ಉದ್ದೇಶವಾಗಿತ್ತು. ಆದರೆ ಆ ವರ್ಷಗಳಲ್ಲಿ ಕಾಂಡಕೊರಕ ಹುಳು ತೋಟಗಳನ್ನು ಹಾಳುಗೆಡವುತ್ತಿತ್ತು. ಆ ದಾರಿ ಮುಚ್ಚಿದಾಗ ಆತ ಕನ್ನಡವನ್ನು ಶ್ರದ್ಧೆಯಿಂದ ಕಲಿತು, ಸರಕಾರದ ನೀರಾವರಿ ಕೆಲಸಕ್ಕೆ ಸೇರಿ, ನಾಲೆಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡ. ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತಕ್ಕೆ ಒಳಪಟ್ಟಿತ್ತು.

ನಾಲೆಯ ಕೆಲಸ ಆತನನ್ನು ಹಳ್ಳಿಹಳ್ಳಿಗೆ ಕರೆದೊಯ್ದಿತು. ಚಾಮರಾಜನಗರದ ಸಮೀಪದಲ್ಲಿ ಆತ ಬಿಡಾರ ಹೂಡಿದ. ಮೂಡಲಿಗೆ ಬಿಳಿಗಿರಿರಂಗನ ಬೆಟ್ಟಸಾಲು, ತೆಂಕಣಕ್ಕೆ ಸತ್ಯಮಂಗಲದ ಕಡೆಗೆ ಹಬ್ಬಿದ ಕಾಡು, ನಡುವೆ ಸುವರ್ಣಾವತಿಯೆಂದೂ ಹೊನ್ನುಹೊಳೆಯೆಂದೂ ಕರೆಯಲ್ಪಡುವ ನದಿ: ಇದೇ ಆತನ ಪಾಠಶಾಲೆಯಾಯಿತು. ಸೋಲಿಗರೇ ಆತನ ಗುರುಗಳಾದರು. ಹೆಜ್ಜೆಯ ಗುರುತನ್ನು ಓದುವುದು, ಮುರಿದ ಕೊಂಬೆಯನ್ನು ನೋಡಿ ಹಿಂಡು ಹೋದ ದಾರಿಯನ್ನು ಹೇಳುವುದು, ಗಾಳಿಯ ದಿಕ್ಕನ್ನು ಅರಿಯುವುದು, ಇವೆಲ್ಲವೂ ಕಾಡಿನ ಆ ಮಕ್ಕಳಿಂದ ಆತನಿಗೆ ದೊರೆತ ವಿದ್ಯೆಗಳು. ಅವರ ಭಾಷೆಯನ್ನು ಬಲ್ಲವನಾಗಿದ್ದುದರಿಂದಲೇ ಆ ವಿದ್ಯೆ ಆತನಿಗೆ ಒಲಿಯಿತು ಎಂಬುದನ್ನು ಮರೆಯಬಾರದು. ಆತ ಬೇಟೆಗಾರನೂ ಆಗಿದ್ದ. ಆ ಕಾಲದ ಯೂರೋಪಿಯನ್ ಅಧಿಕಾರಿಗಳಂತೆ ಹುಲಿ, ಕಾಟಿ, ಆನೆಗಳನ್ನು ಕೊಂದವನೇ ಹೌದು. ಅದನ್ನು ಇಲ್ಲಿ ಮುಚ್ಚಿಡುವ ಅಗತ್ಯವಿಲ್ಲ.

ಆ ದಿನಗಳಲ್ಲಿ ಆನೆಗಳಿಂದ ರೈತರಿಗೆ ಆಗುತ್ತಿದ್ದ ನಷ್ಟ ಅಪಾರವಾಗಿತ್ತು. ಕೊಲ್ಲುವುದರ ಬದಲು ಹಿಂಡನ್ನೇ ಹಿಡಿದು ಪಳಗಿಸಿ ದುಡಿಸಿಕೊಳ್ಳಬಹುದಲ್ಲವೆ ಎಂದು ಸ್ಯಾಂಡರ್ಸನ್ ಸರಕಾರಕ್ಕೆ ಸೂಚಿಸಿದ. ಮೈಸೂರಿನಲ್ಲಿ ಅದು ಅಸಾಧ್ಯವೆಂಬ ಭಾವನೆ ಬೇರೂರಿತ್ತು. ಹೈದರಾಲಿ ಕಾಕನಕೋಟೆಯ ಕಡೆ ಈ ಯತ್ನಕ್ಕೆ ಕೈಹಾಕಿ ಸೋತನೆಂದೂ, ಮುಂದೆ ಯತ್ನಿಸುವವರಿಗೆ ಶಾಪವಿತ್ತು ಕಲ್ಲು ನೆಡಿಸಿದನೆಂದೂ ಕಥೆಯಿತ್ತು. 1873ರಲ್ಲಿ ಸ್ಯಾಂಡರ್ಸನ್ನನ ಮೊದಲ ಯತ್ನವೂ ಕೈಗೂಡಲಿಲ್ಲ. ನಗುವವರು ನಕ್ಕರು. ಆತ ಎದೆಗುಂದದೆ ಹಿಂಡುಗಳು ಮಳೆಗಾಲದಲ್ಲಿ ಯಾವ ಹಾದಿಯಲ್ಲಿ ಇಳಿಯುತ್ತವೆ, ಎಲ್ಲಿ ಹೊಳೆ ದಾಟುತ್ತವೆ ಎಂಬುದನ್ನು ಮತ್ತೊಮ್ಮೆ ಕೂಲಂಕಷವಾಗಿ ಪರಿಶೀಲಿಸಿದ. 1874ರ ಜೂನ್ ತಿಂಗಳಲ್ಲಿ ಹೊನ್ನುಹೊಳೆಯ ದಡದಲ್ಲಿ, ಸುತ್ತಲೂ ಜನರನ್ನು ಕಾವಲಿಟ್ಟು, ಇರುಳೆಲ್ಲ ಬೆಂಕಿ ಉರಿಸಿ, ಕಂದಕ ತೋಡಿ, ಐವತ್ತಕ್ಕೂ ಮಿಕ್ಕ ಆನೆಗಳ ಹಿಂಡನ್ನು ಒಂದೇ ಸಲಕ್ಕೆ ಸೆರೆಹಿಡಿದ. ಮೈಸೂರಿನ ಖೆಡ್ಡಾಗಳ ಚರಿತ್ರೆ ಹೀಗೆ ನಮ್ಮ ಚಾಮರಾಜನಗರದ ಮಣ್ಣಿನಲ್ಲಿ ಆರಂಭವಾಯಿತು.

ಈ ಕೀರ್ತಿ ಆತನನ್ನು 1875ರಲ್ಲಿ ಬಂಗಾಳಕ್ಕೆ ಒಯ್ದಿತು. ಚಿತ್ತಗಾಂಗಿನ ಬೆಟ್ಟಗಳಲ್ಲಿ ಆತ ಅಲ್ಲಿನ ಖೆಡ್ಡಾ ಕಾರ್ಯವನ್ನು ನಡೆಸಿದ. 1878ರಲ್ಲಿ ತನ್ನ ಹದಿಮೂರು ವರ್ಷಗಳ ವನವಾಸದ ಅನುಭವವನ್ನು ಒಂದು ಬೃಹತ್ ಗ್ರಂಥವಾಗಿ ಪ್ರಕಟಿಸಿದ. 1889ರ ನವೆಂಬರಿನಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಖೆಡ್ಡಾವನ್ನು ಏರ್ಪಡಿಸಿದವನೂ ಈತನೇ. ಆದರೆ ಕಾಡಿನ ಜ್ವರಗಳು ಮತ್ತು ಕ್ಷಯರೋಗ ಆತನ ದೇಹವನ್ನು ಜೀರ್ಣಗೊಳಿಸಿದ್ದವು. 1892ರ ಮೇ ತಿಂಗಳಲ್ಲಿ ಮದರಾಸಿನಲ್ಲಿ ಆತ ತೀರಿಕೊಂಡಾಗ ಐವತ್ತೂ ತುಂಬಿರಲಿಲ್ಲ. ಎರಡು ವರ್ಷಗಳ ಅನಂತರ ಪ್ರಕಟವಾದ ಕಿಪ್ಲಿಂಗನ ಪ್ರಸಿದ್ಧ ಕಾಡಿನ ಕಥೆಗಳಲ್ಲಿ ಬರುವ ಪೀಟರ್ಸನ್ ಸಾಹೇಬನೆಂಬ ಆನೆ ಹಿಡಿಯುವ ಅಧಿಕಾರಿಗೆ ಸ್ಯಾಂಡರ್ಸನ್ನನೇ ಮಾದರಿಯೆಂಬುದು ವಿಮರ್ಶಕರ ಅಭಿಪ್ರಾಯ.

ಇಷ್ಟು ಹೇಳಿದರೆ ಆತನ ಬಾಹ್ಯ ಜೀವನವನ್ನು ಹೇಳಿದಂತಾಯಿತು. ಆತನ ನಿಜವಾದ ಹಿರಿಮೆ ಇರುವುದು ನೋಟದಲ್ಲಿ. ಆನೆಗಳ ಎತ್ತರದ ಬಗ್ಗೆ ಆಗ ಉತ್ಪ್ರೇಕ್ಷೆಯ ಮಾತುಗಳು ಬಹಳ ಪ್ರಚಲಿತವಾಗಿದ್ದವು. ಆತ ಅಳತೆಗೋಲು ಹಿಡಿದು ಆ ಉತ್ಪ್ರೇಕ್ಷೆಗಳನ್ನು ತಳ್ಳಿಹಾಕಿದ. ದೊಡ್ಡ ದಂತದ ಸಲಗವೇ ಹಿಂಡಿನ ನಾಯಕನೆಂದು ಜನ ನಂಬಿದ್ದರು. ಹಿಂಡನ್ನು ನಡೆಸುವುದು ಹೆಣ್ಣಾನೆ, ಹಿಂಡೆಂಬುದು ಬಹುಮಟ್ಟಿಗೆ ಒಂದು ಕುಟುಂಬ ಎಂದು ಆತ ಸ್ಪಷ್ಟವಾಗಿ ಬರೆದ. ತಾಯಿ, ಮಗಳು, ಮೊಮ್ಮಗಳು ಕೂಡಿ ಬಾಳುವ ಸಂಸಾರವದು, ಗಂಡುಮರಿ ಪ್ರಾಯಕ್ಕೆ ಬಂದಾಗ ತಾಯಿಮನೆ ಬಿಟ್ಟು ಹೊರಡುತ್ತದೆ ಎಂಬುದನ್ನು ಇಂದಿನ ಸಂಶೋಧನೆಗಳು ದೃಢಪಡಿಸಿವೆ.

ಇನ್ನೊಂದು ವಿಷಯವನ್ನೂ ಆತ ಎಣಿಸಿ ಬರೆದಿಟ್ಟ. ಏಷ್ಯದ ಆನೆಗಳಲ್ಲಿ ಹೆಣ್ಣಿಗೆ ಹೊರಚಾಚುವ ದಂತವಿಲ್ಲ. ಗಂಡುಗಳಲ್ಲಿಯೂ ಕೆಲವಕ್ಕೆ ದಂತ ಬರುವುದಿಲ್ಲ. ಇಂತಹ ಗಂಡಾನೆಯನ್ನು ಮಕ್ನಾ ಎನ್ನುತ್ತಾರೆ. 1874ರಿಂದ 1876ರವರೆಗೆ ಮೈಸೂರು ಮತ್ತು ಬಂಗಾಳಗಳಲ್ಲಿ ತಾನು ಹಿಡಿದ 140 ಆನೆಗಳಲ್ಲಿ 51 ಗಂಡುಗಳೆಂದೂ, ಅವುಗಳಲ್ಲಿ ಮಕ್ನಾಗಳು 5 ಮಾತ್ರವೆಂದೂ ಆತ ಲೆಕ್ಕ ಕೊಟ್ಟಿದ್ದಾನೆ. ಅಂದರೆ ಸುಮಾರು ಹತ್ತಕ್ಕೊಂದು. ಸಿಂಹಳದಲ್ಲಾದರೋ ದಂತವುಳ್ಳ ಗಂಡಾನೆಯೇ ಅಪರೂಪವೆಂಬುದನ್ನೂ ಆತ ಗಮನಿಸಿದ್ದ. ಈ ಪುಟ್ಟ ಲೆಕ್ಕದ ಬೆಲೆ ದೊಡ್ಡದು. ಬೇಟೆಗಾರ ತನಗೆ ಬೇಕಾದ ಮೃಗವನ್ನು ಆರಿಸಿ ಹೊಡೆಯುತ್ತಾನೆ. ಆದ್ದರಿಂದ ಅವನು ಕೊಂದವನ್ನು ಎಣಿಸಿದರೆ ಕಾಡಿನ ನಿಜಸ್ಥಿತಿ ತಿಳಿಯದು. ಖೆಡ್ಡಾ ಆರಿಸುವುದಿಲ್ಲ. ಅದು ಹಿಂಡನ್ನು ಹಾಗೆಯೇ ಬಾಚುತ್ತದೆ. ದಂತವುಳ್ಳದ್ದು, ಇಲ್ಲದ್ದು, ಮುದುಕಿ, ಮರಿ ಎಲ್ಲವೂ ಒಳಗೆ ಬರುತ್ತವೆ.

ಎಣಿಕೆ ಸರಿಯಾಗಿತ್ತು. ಆದರೆ ಅದರಿಂದ ತೆಗೆದ ನಿರ್ಣಯದಲ್ಲಿ ಸ್ಯಾಂಡರ್ಸನ್ ಎಡವಿದ. ಒಂದೇ ಹಿಂಡಿನಲ್ಲಿ ದಂತವುಳ್ಳ ಗಂಡುಗಳೂ ಮಕ್ನಾಗಳೂ ಹುಟ್ಟುವುದನ್ನು ಕಂಡು, ದಂತವಿಲ್ಲದಿರುವುದು ವಂಶದಿಂದ ಬರುವ ಗುಣವಲ್ಲವೆಂದು ಆತ ಖಚಿತವಾಗಿ ಬರೆದುಬಿಟ್ಟ. ಇದಕ್ಕಾಗಿ ಆತನನ್ನು ಹಳಿಯುವುದು ನ್ಯಾಯವಲ್ಲ. ಜೀವಿಗಳಲ್ಲಿರುವ ಸಣ್ಣ ಸಣ್ಣ ವ್ಯತ್ಯಾಸಗಳಲ್ಲಿ ಬದುಕಿಗೆ ಅನುಕೂಲವಾದವು ಉಳಿದು ಬೆಳೆಯುತ್ತವೆ ಎಂಬ ನಿಸರ್ಗದ ಆಯ್ಕೆಯ ತತ್ತ್ವವನ್ನು ಡಾರ್ವಿನ್ 1859ರಲ್ಲಿ ಮಂಡಿಸಿದ್ದನಾದರೂ, ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಸಾಗುತ್ತವೆ ಎಂಬುದು ಡಾರ್ವಿನ್ನನಿಗೂ ಒಗಟಾಗಿತ್ತು. ಆ ಒಗಟನ್ನು ಬಟಾಣಿ ಗಿಡಗಳಿಂದ ಬಿಡಿಸಿದ ಮೆಂಡೆಲ್ಲನ ಲೇಖನ 1866ರಲ್ಲಿಯೇ ಅಚ್ಚಾಗಿದ್ದರೂ ಲೋಕ ಅದನ್ನು ಗುರುತಿಸಿದ್ದು 1900ರಲ್ಲಿ, ಸ್ಯಾಂಡರ್ಸನ್ ಸತ್ತು ಎಂಟು ವರ್ಷಗಳಾದ ಮೇಲೆ.

ಮೆಂಡೆಲ್ ತೋರಿಸಿಕೊಟ್ಟ ಸತ್ಯವಾದರೂ ಏನು? ಒಂದು ಗುಣ ಕಣ್ಣಿಗೆ ಕಾಣದೆಯೇ ಒಳಗೆ ಅಡಗಿದ್ದು ಮುಂದಿನ ತಲೆಮಾರಿನಲ್ಲಿ ಪ್ರಕಟವಾಗಬಹುದು. ನಮ್ಮ ರೈತರಿಗೆ ಇದು ಹೊಸದಲ್ಲ. ಹೋರಿ ಹಾಲು ಕೊಡುವುದಿಲ್ಲ. ಆದರೂ ಹಸುವಿಗೆ ಹೋರಿಯನ್ನು ಆರಿಸುವಾಗ ಜಾಣ ರೈತ ಆ ಹೋರಿಯ ತಾಯಿಯ ಕೆಚ್ಚಲನ್ನು ವಿಚಾರಿಸುತ್ತಾನೆ. ಹಾಲಿನ ಗುಣ ಹೋರಿಯಲ್ಲಿ ಅಡಗಿ ಅದರ ಮಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದೇ ರೀತಿಯಲ್ಲಿ ಹೆಣ್ಣಾನೆಗೆ ಹೊರಚಾಚುವ ದಂತವೇ ಇಲ್ಲದುದರಿಂದ, ಆಕೆ ತನ್ನ ಗಂಡುಮರಿಗೆ ಯಾವ ಗುಣವನ್ನು ಸಾಗಿಸುತ್ತಿದ್ದಾಳೆಂಬುದು ನೋಡುವವನಿಗೆ ತಿಳಿಯದು. ಒಂದೇ ಹಿಂಡಿನಲ್ಲಿ ಎರಡು ಬಗೆಯ ಗಂಡುಗಳು ಹುಟ್ಟುವುದು ಆನುವಂಶಿಕತೆಗೆ ವಿರೋಧವಲ್ಲ. ಆ ಹಿಂಡಿನ ರಕ್ತದಲ್ಲಿ ಎರಡೂ ಗುಣಗಳು ಬೆರೆತಿವೆ ಎಂಬುದಕ್ಕೆ ಅದೇ ಸಾಕ್ಷಿ. ಒಂದು ಜಾತಿಯ ಜೀವಿಗಳೊಳಗೆ ಹೀಗೆ ಬಗೆಬಗೆಯ ಗುಣಗಳು ಅಡಗಿರುವುದನ್ನೇ ವಿಜ್ಞಾನಿಗಳು ಆನುವಂಶಿಕ ವೈವಿಧ್ಯವೆನ್ನುತ್ತಾರೆ.

ಈ ತಪ್ಪು ಕೇವಲ ಪುಸ್ತಕದ ತಪ್ಪಾಗಿ ಉಳಿಯಲಿಲ್ಲ. ದಂತವೆಂಬುದು ವಂಶಗುಣವಾದರೆ, ದಂತಕ್ಕಾಗಿ ಕೊಲ್ಲುವವನು ಆನೆಯನ್ನಷ್ಟೇ ಅಲ್ಲ, ಅದರ ಮುಂದಿನ ಪೀಳಿಗೆಯನ್ನೂ ಮಾರ್ಪಡಿಸುತ್ತಾನೆ. ಒಂದು ಊಹೆಯ ಲೆಕ್ಕವನ್ನು ನೋಡೋಣ. ಕಾಡಿನಲ್ಲಿ 100 ಗಂಡಾನೆಗಳಿವೆ, ಅವುಗಳಲ್ಲಿ 90ಕ್ಕೆ ದಂತವಿದೆ, 10 ಮಕ್ನಾಗಳಿವೆ ಎಂದಿಟ್ಟುಕೊಳ್ಳೋಣ. ದಂತಚೋರರು ದಂತವುಳ್ಳವುಗಳಲ್ಲಿ ಅರ್ಧವನ್ನು ಕೊಂದರೆ ಉಳಿಯುವುದು 45 ಮತ್ತು 10. ಹತ್ತಕ್ಕೊಂದಾಗಿದ್ದ ಮಕ್ನಾಗಳ ಪ್ರಮಾಣ ನೂರಕ್ಕೆ 18ಕ್ಕೆ ಏರಿತು. ಯಾವ ಆನೆಯೂ ತನ್ನ ದಂತವನ್ನು ಬೇಕೆಂದು ಬಿಡಲಿಲ್ಲ, ಯಾವ ಮರಿಯೂ ಕಳ್ಳನಿಗೆ ಹೆದರಿ ದಂತವಿಲ್ಲದೆ ಹುಟ್ಟಲಿಲ್ಲ. ಇದ್ದ ಎರಡು ಬಗೆಗಳಲ್ಲಿ ಒಂದನ್ನು ತೆಗೆದುಹಾಕಿದ್ದರಿಂದ ಇನ್ನೊಂದು ಹೆಚ್ಚಿತು, ಅಷ್ಟೆ. ನಿಸರ್ಗದ ಆಯ್ಕೆ ನಡೆಯುವ ಕ್ರಮವೇ ಇದು. ಇಲ್ಲಿ ಆಯ್ಕೆ ಮಾಡಿದ್ದು ಬರಗಾಲವಲ್ಲ, ರೋಗವಲ್ಲ, ಮನುಷ್ಯನ ಕೋವಿ.

ಇದು ಬರಿಯ ಊಹೆಯಲ್ಲವೆಂಬುದು ಆಫ್ರಿಕದಲ್ಲಿ ಕಂಡುಬಂತು. ಮೊಜಾಂಬಿಕ್ ದೇಶದಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಗೊರೊಂಗೋಸಾ ಎಂಬ ಅರಣ್ಯದಲ್ಲಿ ಸೈನಿಕರು ದಂತಕ್ಕಾಗಿ ಆನೆಗಳನ್ನು ಸಂಹರಿಸಿ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಇಲ್ಲವಾಗಿಸಿದರು. ಆಫ್ರಿಕದಲ್ಲಿ ಹೆಣ್ಣಾನೆಗೂ ದಂತವುಂಟು. ಅಲ್ಲಿ ಯುದ್ಧಕ್ಕೆ ಮುಂಚೆ ದಂತವಿಲ್ಲದ ಹೆಣ್ಣುಗಳು ನೂರಕ್ಕೆ 18.5 ಇದ್ದದ್ದು ಯುದ್ಧಾನಂತರ 50.9ಕ್ಕೆ ಏರಿತೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ತಾಯಿಯಿಂದ ಮಗಳಿಗೆ ಸಾಗುವ ಆ ಗುಣ ಗಂಡುಭ್ರೂಣಕ್ಕೆ ಮಾರಕವೆಂದೂ ಆ ವಿಜ್ಞಾನಿಗಳು ನಿರ್ಣಯಿಸಿದರು. ಪ್ರಾಣ ಉಳಿಸಿದ ಗುಣವೇ ಸಂತಾನಕ್ಕೆ ಸುಂಕ ವಿಧಿಸಿತು. ಹೊಂದಿಕೊಳ್ಳುವುದೆಂದರೆ ಯಾವಾಗಲೂ ಏಳಿಗೆಯೆಂದು ಭಾವಿಸಬಾರದು. ಅದು ಆ ಹೊತ್ತಿನ ಸಂಕಟಕ್ಕೆ ಕೊಟ್ಟ ಉತ್ತರ ಮಾತ್ರ.

ನಮ್ಮ ಕಾಡುಗಳೂ ಈ ಸಂಕಟವನ್ನು ಕಂಡಿವೆ. ಸ್ಯಾಂಡರ್ಸನ್ ತಿರುಗಾಡಿದ ಚಾಮರಾಜನಗರ ಮತ್ತು ಸತ್ಯಮಂಗಲದ ಅರಣ್ಯಗಳಲ್ಲಿಯೇ 1980ರ ದಶಕದ ಆರಂಭದಲ್ಲಿ ರಾಮನ್ ಸುಕುಮಾರ್ ಅವರು ಆನೆಗಳ ಅಧ್ಯಯನ ಕೈಗೊಂಡರು. ದಂತದ ಆಸೆಗೆ ಗಂಡಾನೆಗಳು ಬಲಿಯಾಗಿ, ಹೆಣ್ಣು ಗಂಡುಗಳ ಪ್ರಮಾಣ ಏರುಪೇರಾಗುತ್ತಿರುವುದನ್ನು ಅವರು ಲೆಕ್ಕಸಹಿತ ತೋರಿಸಿಕೊಟ್ಟರು. ಕೇರಳದ ಪೆರಿಯಾರ್ ಅರಣ್ಯದಲ್ಲಂತೂ ಮುಂದೆ ಸುಮಾರು 100 ಪ್ರಾಯದ ಹೆಣ್ಣಾನೆಗಳಿಗೆ ಒಂದೇ ಪ್ರಾಯದ ಗಂಡೆಂಬ ದುಃಸ್ಥಿತಿ ಒದಗಿತು. ಹೀಗಾದಾಗ ಬೆರಳೆಣಿಕೆಯ ಗಂಡುಗಳೇ ಇಡೀ ಪೀಳಿಗೆಗೆ ತಂದೆಗಳಾಗಿ ವೈವಿಧ್ಯ ಕುಗ್ಗುತ್ತದೆ. ವೈವಿಧ್ಯ ಕುಗ್ಗಿದ ಸಂತತಿ ಒಂದೇ ತಳಿಯ ಬೆಳೆಯಿರುವ ಹೊಲದಂತೆ. ಅನುಕೂಲದ ವರ್ಷದಲ್ಲಿ ನೋಡಲು ಸೊಗಸು, ಹೊಸ ರೋಗವೊಂದು ಬಂದರೆ ಎಲ್ಲಕ್ಕೂ ಒಟ್ಟಿಗೆ ಅಪಾಯ. ದಕ್ಷಿಣ ಭಾರತದಲ್ಲಿ ದಂತವುಳ್ಳ ಗಂಡುಗಳೇ ಇನ್ನೂ ಬಹುಸಂಖ್ಯೆಯಲ್ಲಿವೆ. ಶ್ರೀಲಂಕೆಯಲ್ಲಾದರೋ ನೂರಕ್ಕೆ ಹತ್ತು ಗಂಡುಗಳಿಗೂ ದಂತವಿಲ್ಲ. ಶತಮಾನಗಳ ಕಾಲ ದಂತವುಳ್ಳವನ್ನೇ ಆರಿಸಿ ಹಿಡಿದದ್ದು ಮತ್ತು ಕೊಂದದ್ದು ಅದಕ್ಕೆ ಒಂದು ಕಾರಣವಿರಬಹುದೆಂದು ವಿದ್ವಾಂಸರ ಊಹೆ. ಮಕ್ನಾ ಕೀಳೆಂದು ಇದರಿಂದ ಅರ್ಥೈಸಬಾರದು. ದೇಹದ ಗಾತ್ರ ಮತ್ತು ಮದ ಇವೆರಡೂ ಗಂಡಾನೆಗಳ ಕಾಳಗದಲ್ಲಿ ದಂತಕ್ಕಿಂತ ಮಿಗಿಲೆಂದು ಅಸ್ಸಾಮಿನ ಕಾಜಿರಂಗದ ಅಧ್ಯಯನವೊಂದು 2013ರಲ್ಲಿ ತಿಳಿಸಿದೆ. ಎರಡು ಬಗೆಯೂ ಉಳಿಯುವುದೇ ಕ್ಷೇಮ.

ಖೆಡ್ಡಾವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಅದು ದಂತವನ್ನು ಆರಿಸಲಿಲ್ಲ, ನಿಜ. ಆದರೆ ಹಿಂಡೆಂದರೆ ತಾಯಿಯ ಸಂತಾನವೆಂದು ಸ್ಯಾಂಡರ್ಸನ್ನನೇ ಅರಿತಿದ್ದ. ಹಿಂಡನ್ನು ಬಾಚಿದರೆ ಒಂದು ತಾಯಿಬಳ್ಳಿಯೇ ಕಾಡಿನಿಂದ ಹೊರಬಿದ್ದಂತೆ. ಕೊಲ್ಲುವುದಕ್ಕಿಂತ ಹಿಡಿಯುವುದು ಮೇಲೆಂದು ಆತ ಬಗೆದದ್ದು ಅಂದಿನ ಮಟ್ಟಿಗೆ ದಯೆಯೇ ಹೌದು. ಆ ದಯೆಗೂ ಒಂದು ಮಿತಿಯಿತ್ತೆಂದು ಇಂದು ನಮಗೆ ತೋರುತ್ತದೆ. ಮೈಸೂರಿನ ಕೊನೆಯ ಖೆಡ್ಡಾ 1971ರಲ್ಲಿ ಕಾಕನಕೋಟೆಯಲ್ಲಿ ನಡೆದು ಆ ಅಧ್ಯಾಯ ಮುಗಿಯಿತು.

ಅಷ್ಟರಲ್ಲಿ ರಕ್ಷಣೆಯ ಅಧ್ಯಾಯ ತೆರೆದಿತ್ತು. ಆನೆಗಳ ರಕ್ಷಣೆಗೆ ಮದರಾಸು 1873ರಲ್ಲಿ, ಭಾರತ ಸರಕಾರ 1879ರಲ್ಲಿ ಕಾನೂನು ಮಾಡಿದ್ದವು. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದ ಸುತ್ತಣ ಕಾಡು ಮೈಸೂರು ಅರಸರ ಕಾಲದಲ್ಲಿ, 1941ರಲ್ಲಿ, ವೇಣುಗೋಪಾಲ ವನ್ಯಮೃಗ ಧಾಮವಾಗಿ ವಿಸ್ತಾರಗೊಂಡಿತು. 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದಾಯಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟವೂ ಆ ಸಾಲಿಗೆ ಸೇರಿತು. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಸಂಖ್ಯೆ 6,395 ಎಂದು ಅಂದಾಜಾಯಿತು. ದೇಶದ ಯಾವ ರಾಜ್ಯದಲ್ಲಿಯೂ ಇಷ್ಟು ಆನೆಗಳಿರಲಿಲ್ಲ.

ಆದರೆ ಸಂಖ್ಯೆಯೊಂದೇ ಸಾಲದು. ನೀಲಗಿರಿಯ ಸುತ್ತಣ ಈ ದೊಡ್ಡ ಸಮುದಾಯದಲ್ಲಿ ತಾಯಿವಂಶದ ವೈವಿಧ್ಯ ಬಹಳ ಕಡಿಮೆಯೆಂದು 2005ರ ಸಂಶೋಧನೆಯೊಂದು ತಿಳಿಸಿತು. ತಾಯಿಮನೆ ಬಿಟ್ಟ ಗಂಡಾನೆ ಕಾಡಿನಿಂದ ಕಾಡಿಗೆ ನಡೆದಾಗಲೇ ಹೊಸ ರಕ್ತ ಬೆರೆಯುತ್ತದೆ. ಚಾಮರಾಜನಗರದ ಅರಣ್ಯಗಳು ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳು ಸಂಧಿಸುವ ಹೊಸ್ತಿಲಿನಲ್ಲಿವೆ. ಗುಂಡ್ಲುಪೇಟೆಯ ಕಡೆಯ ಕಣಿಯನಪುರ, ಕೊಳ್ಳೇಗಾಲದ ಕಡೆಯ ಎಡೆಯರಹಳ್ಳಿ ಮುಂತಾದ ಕಿರಿದಾದ ಆನೆದಾರಿಗಳೇ ಕಾಡುಗಳನ್ನು ಒಂದಕ್ಕೊಂದು ಹೊಲಿಯುವ ನೂಲುಗಳು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಂದಾಗ ನಮ್ಮಲ್ಲಿ ಗೊಣಗಿದವರೂ ಉಂಟು. ಇರುಳು ಆ ರಸ್ತೆ ದಾಟುವ ಗಂಡಾನೆ ತನ್ನೊಡನೆ ಮುಂದಿನ ಪೀಳಿಗೆಗಳ ಬುತ್ತಿಯನ್ನು ಹೊತ್ತು ನಡೆಯುತ್ತದೆ ಎಂಬುದನ್ನು ಅರಿತರೆ ಆ ಗೊಣಗಾಟ ಕಡಿಮೆಯಾದೀತು. ಹಾಗೆಂದು ಬೆಳೆ ಕಳೆದುಕೊಂಡ ರೈತನ ಕಣ್ಣೀರು ಹುಸಿಯಲ್ಲ. ಸಕಾಲದ ಪರಿಹಾರ ಮತ್ತು ಭದ್ರವಾದ ಕಂದಕ ಅವನಿಗೆ ಸಲ್ಲಬೇಕಾದ ನ್ಯಾಯ. ಕಾಡಿನ ಹೊರೆಯನ್ನೆಲ್ಲ ಕಾಡಂಚಿನವನ ಹೆಗಲಿಗೆ ಏರಿಸಿ ಪಟ್ಟಣದವರು ದಯೆಯ ಮಾತಾಡುವುದು ಸಲ್ಲದು.

ಪ್ರಿಯ ವಿದ್ಯಾರ್ಥಿಗಳೇ, ಸ್ಯಾಂಡರ್ಸನ್ನನ ಬಾಳಿನಿಂದ ನಾವು ಕಲಿಯಬೇಕಾದದ್ದು ಎರಡು. ನಾಡಿನ ಭಾಷೆಯನ್ನು ಕಲಿತು, ಕಾಡಿನವರನ್ನು ಗುರುಗಳೆಂದು ಬಗೆದು, ಊಹಾಪೋಹಕ್ಕೆ ಮರುಳಾಗದೆ ಎಣಿಸಿ ಅಳೆದು ಬರೆದ ಆತನ ಪ್ರಾಮಾಣಿಕ ಕಾಯಕ ಮೊದಲನೆಯದು. ಆತನ ಲೆಕ್ಕ ಸರಿಯಿದ್ದುದರಿಂದಲೇ ಆತನ ತೀರ್ಮಾನದ ತಪ್ಪನ್ನು ಮುಂದಿನವರು ತಿದ್ದಲು ಸಾಧ್ಯವಾಯಿತು. ಎರಡನೆಯದು, ಮನುಷ್ಯನ ಆಸೆಗೂ ನಿಸರ್ಗದ ಆಯ್ಕೆಯಷ್ಟೇ ಬಲವುಂಟೆಂಬ ಎಚ್ಚರ. ನಾವು ಕೊಲ್ಲಲು ಆರಿಸಿದ್ದು ಕುಗ್ಗುತ್ತದೆ, ಬಿಟ್ಟದ್ದು ಹೆಚ್ಚುತ್ತದೆ, ಕಾಡಿನ ನಾಳೆಯ ರೂಪ ನಮ್ಮ ಇಂದಿನ ನಡತೆಯಿಂದ ಕಡೆಯಲ್ಪಡುತ್ತದೆ. ದಯೆಗೆ ಧರ್ಮದಲ್ಲಿ ಅಗ್ರಸ್ಥಾನವಿತ್ತ ಶರಣರ ನಾಡಿನವರು ನಾವು. ಆ ದಯೆ ಕಣ್ಣೆದುರಿನ ಜೀವಿಗೆ ಮಾತ್ರ ಸೀಮಿತವಾಗದೆ ಇನ್ನೂ ಹುಟ್ಟದ ಪೀಳಿಗೆಗಳಿಗೂ ಚಾಚಬೇಕು. ಹೊನ್ನುಹೊಳೆಯ ದಡದಲ್ಲಿ ಮುಂದೊಂದು ದಿನ ಯಾವನಾದರೊಬ್ಬ ವಿದ್ಯಾರ್ಥಿ ಗಂಡಾನೆಗಳನ್ನು ಎಣಿಸಲು ನಿಂತಾಗ, ಸ್ಯಾಂಡರ್ಸನ್ ಕಂಡಂತೆ ದಂತವುಳ್ಳದ್ದೂ ಮಕ್ನಾವೂ ಎರಡೂ ಅವನ ಕಣ್ಣಿಗೆ ಬೀಳಲಿ ಎಂಬುದೇ ನಮ್ಮ ಹಾರೈಕೆ.